ಕಕ್ಕಡ ಮಳೆಯಲ್ಲಿ ಮಕ್ಕಳ ಜೊತೆ ನೋಡಿದ ಸಿನಿಮಾಗಳು

ಗುಂಪಿನ ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರದ ನನ್ನ ತವರುಮನೆಯಿಂದ ಬರೆಯುತ್ತಿದ್ದೇನೆ. ಮೂರು ದಿನದಿಂದ ಕರೆಂಟಿಲ್ಲ. ಕಾರಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು, ಕೈಯಾಲೆಯಲ್ಲಿ, ಅಂದರೆ ಮನೆಮುಂದಿನ ಜಗುಲಿಯಲ್ಲಿ, ಸಿಗ್ನಲ್ ಸಿಗುವ ಒಂದೇ ಮೂಲೆ ಹಿಡಿದು ಕೂತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಳೆದ ತಿಂಗಳು ಇಲ್ಲಿ ಒಬ್ಬರು ಕೇಳಿದ್ದರು. ಹೊರದೇಶಕ್ಕೆ ವಲಸೆ ಹೋದ ನಮ್ಮಂಥ ಮನೆಗಳ ಕಥೆ ಇರುವ ಸಿನಿಮಾಗಳನ್ನು ಮಕ್ಕಳಿಗೆ ತೋರಿಸಬೇಕಾ ಬೇಡವಾ ಅಂತ. ಅರ್ಧ ಜನ ತೋರಿಸಿ ಅಂದಿರಿ. ಇನ್ನರ್ಧ ಜನ, ಅದರಲ್ಲೆಲ್ಲ ಅಪ್ಪ ಅಮ್ಮನೇ ವಿಲನ್, ಮಕ್ಕಳ ಕೈಗೆ ನಾವೇ ಕೋಲು ಕೊಟ್ಟ ಹಾಗಾಗುತ್ತದೆ ಅಂದಿರಿ. ನಾನು ಆಗ ಸುಮ್ನಿದ್ದೆ. ಅವುಗಳಲ್ಲಿ ಹೆಚ್ಚಿನವನ್ನು ಒಬ್ಬಳೇ ನೋಡಿದ್ದೆ, ಮಕ್ಕಳ ಜೊತೆ ಕೂತು ನೋಡಿರಲಿಲ್ಲ. ಈಗ ನೋಡಿ ಆಯಿತು. ಮಕ್ಕಳ ಜೊತೆ ಮಾತ್ರ ಅಲ್ಲ, ನನ್ನ ಅವ್ವನ ಜೊತೆಯೂ.

ಹೊಸಬರಿಗೆ ಒಂದು ಮಾತು. ನಾನು ನರ್ಸ್. 2003ರಲ್ಲಿ ಇಂಗ್ಲೆಂಡಿಗೆ ಹೋದವಳು, ಈಗ ರೆಡಿಂಗ್‌ನಲ್ಲಿದ್ದೇನೆ. ಮಗಳಿಗೆ 14, ಮಗನಿಗೆ 9. ಅಲ್ಲಿ ಶಾಲೆಗೆ ದೊಡ್ಡ ರಜೆ ಸಿಗುವುದು ಜುಲೈ ಕೊನೆಗೆ. ಅಂದರೆ ನಮಗೆ ಊರು ಅಂದರೆ ಯಾವಾಗಲೂ ಜಡಿಮಳೆ, ಜಿಗಣೆ, ಒಣಗದ ಬಟ್ಟೆ. ನನ್ನ ಮಕ್ಕಳು ಕೊಡಗಿನ ಬಿಸಿಲನ್ನು ಸರಿಯಾಗಿ ನೋಡಿಯೇ ಇಲ್ಲ. ಆದರೆ ಕಕ್ಕಡ 18 ಸಿಗುತ್ತದೆ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆಗಸ್ಟ್ 3ರಂದು ಬರುತ್ತದೆ ಅದು. ಆ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆ ಮದ್ದು ಸೇರಿರುತ್ತದೆ ಅಂತ ಹಿರಿಯರ ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಗೆ ಬರುತ್ತದೆ. ಮಗನಿಗೆ ಇದನ್ನು ಹೇಳಲು ಮರೆತಿದ್ದೆ. ಬಚ್ಚಲಿನಿಂದ ಅವನು ಕಿರುಚಿದ್ದು ಕೆಳಗಿನ ಗದ್ದೆಯವರೆಗೆ ಕೇಳಿಸಿರಬೇಕು. ಸಂಸ್ಕೃತಿ ಕಲಿಸುವುದು ಹೇಗೆ ಅಂತ ನಾವಿಲ್ಲಿ ಉದ್ದುದ್ದ ಬರೆಯುತ್ತೇವಲ್ಲ, ಇದನ್ನು ಅವನು ಜನ್ಮದಲ್ಲಿ ಮರೆಯುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ನಾಲ್ಕೈದು ಸಿನಿಮಾ ಇಳಿಸಿಕೊಂಡು ಬಂದಿದ್ದೆ. ಮೊದಲು ಹಾಕಿದ್ದು ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್. ಗುರಿಂದರ್ ಚಡ್ಢಾ ಅವರದು, 2002ರ ಸಿನಿಮಾ. ಹೌನ್ಸ್ಲೋದಲ್ಲಿರುವ ಸಿಖ್ ಮನೆ, ಫುಟ್‌ಬಾಲ್ ಹುಚ್ಚಿನ ಹುಡುಗಿ ಜೆಸ್, ಅದು ಹೆಣ್ಣುಮಕ್ಕಳಿಗೆ ಅಲ್ಲ ಅನ್ನುವ ಅಮ್ಮ. ಅದು ಹೀಥ್ರೋ ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಊರು. ತಲೆ ಮೇಲೆ ವಿಮಾನ ಹೋಗುವ ದೃಶ್ಯ ಬಂದಾಗ ಮಗ ಎದ್ದು ನಿಂತು ತೋರಿಸಿದ.

ಅವ್ವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಗಳು ನಡುನಡುವೆ ಕಥೆ ಹೇಳುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ಅವ್ವ ಕೇಳಿದರು, "ಹುಡುಗಿ ಚೆಂಡು ಒದ್ದರೆ ಇವರಿಗೆ ಎಂತ ಕಷ್ಟ?"

ನಿಜಕ್ಕೂ ಅವರಿಗೆ ಅರ್ಥವಾಗಲಿಲ್ಲ. ಕೊಡಗಿನಲ್ಲಿ ಹುಡುಗಿ ಹಾಕಿ ಸ್ಟಿಕ್ ಹಿಡಿದರೆ ಯಾರೂ ಹುಬ್ಬೇರಿಸುವುದಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕುಟುಂಬಗಳ ನಡುವಿನ ಹಾಕಿ ಶುರು ಮಾಡಿದರು. ಆಮೇಲೆ ಅದು ಜಾತ್ರೆಯ ಹಾಗೆ ಬೆಳೆಯಿತು. ಪ್ರತಿ ಸಲ ಒಂದೊಂದು ಮನೆತನ ನಡೆಸುತ್ತದೆ, ಕಪ್ಪಿಗೂ ಆ ಮನೆತನದ್ದೇ ಹೆಸರು. 2024ರಲ್ಲಿ ನಮ್ಮ ನಾಪೋಕ್ಲುವಿನಲ್ಲೇ ಕುಂಡ್ಯೋಳಂಡ ಕಪ್ ನಡೆದಾಗ 360 ತಂಡ ಬಂದಿದ್ದವು, ಗಿನ್ನೆಸ್ ದಾಖಲೆಯಾಯಿತು. ಒಂದೇ ಒಕ್ಕದವರಾದರೆ, ಅಂದರೆ ಒಂದೇ ಮನೆತನದವರಾದರೆ ಸಾಕು, ಹೆಣ್ಣುಮಕ್ಕಳೂ ಆಡುತ್ತಾರೆ, ತಲೆ ನರೆತ ಮಾವಂದಿರೂ ಆಡುತ್ತಾರೆ. ಇಂಥ ಊರಿನ ಅಜ್ಜಿಗೆ ಜೆಸ್ ಅಮ್ಮನ ಗೋಳು ವಿಚಿತ್ರವಾಗಿ ಕಂಡರೆ ತಪ್ಪೇನು?

ನಾನು ಸ್ವಲ್ಪ ಬೀಗಿದೆ. ನೋಡು, ನಮ್ಮಲ್ಲಿ ಹೀಗಿಲ್ಲ ಅಂದೆ. ಮಗಳು ತಿರುಗಿ ಕೇಳಿದಳು, "ಹಾಗಾದರೆ ನಿನ್ನ ಫುಟ್‌ಬಾಲ್ ಯಾವುದಮ್ಮಾ?" ಗೆಳತಿಯ ಮನೆಯಲ್ಲಿ ರಾತ್ರಿ ಉಳಿಯಲು ನಾನು ಬಿಡುವುದಿಲ್ಲ, ಅದಕ್ಕೆ ಕೊಟ್ಟ ಏಟು. ಬಾಯಿ ಮುಚ್ಚಿಕೊಂಡೆ. ಕೋಲು ಕೊಟ್ಟ ಹಾಗಾಗುತ್ತದೆ ಅಂದವರು ಪೂರ್ತಿ ತಪ್ಪಲ್ಲ.

ಆದರೆ ಆ ಸಿನಿಮಾದಲ್ಲಿ ನನಗೆ ಈ ಸಲ ಕಂಡದ್ದು ಬೇರೆ. ಜೆಸ್‌ಳ ಅಪ್ಪ, ಅನುಪಮ್ ಖೇರ್ ಮಾಡಿದ ಪಾತ್ರ. ನೈರೋಬಿಯಲ್ಲಿ ಒಳ್ಳೆ ಬೌಲರ್ ಆಗಿದ್ದವನು ಇಂಗ್ಲೆಂಡಿಗೆ ಬಂದಾಗ ಕ್ಲಬ್ಬಿನವರು ಅವನ ಪೇಟ ನೋಡಿ ಗೇಲಿ ಮಾಡಿ ಕಳಿಸಿರುತ್ತಾರೆ. ಅವನು ಮಗಳನ್ನು ತಡೆಯುವುದು ಸಂಪ್ರದಾಯಕ್ಕಲ್ಲ. ಆ ಅವಮಾನ ಇವಳಿಗೂ ಆಗದಿರಲಿ ಅಂತ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಎಷ್ಟು ತಡವಾಗಿ! ಮೊದಲೇ ಹೇಳಿದ್ದರೆ ಜಗಳ ಅಷ್ಟು ಬೆಳೆಯುತ್ತಿತ್ತಾ? ನನಗೆ ಅನಿಸಿದ್ದು, ಈ ಸಿನಿಮಾಗಳಲ್ಲಿ ಜಗಳ ಬಟ್ಟೆಯದ್ದು, ಬಾಯ್‌ಫ್ರೆಂಡಿನದ್ದು ಅಂತ ಕಾಣುತ್ತದೆ ಅಷ್ಟೆ. ಒಳಗೆ ನೋಡಿದರೆ ಅಪ್ಪನೋ ಅಮ್ಮನೋ ಒಂದು ಮಾತನ್ನು ನುಂಗಿಕೊಂಡು ಕೂತಿರುತ್ತಾರೆ.

ಎರಡನೇ ದಿನ ಅವ್ವನಿಗೋಸ್ಕರ ಇಂಗ್ಲಿಷ್ ವಿಂಗ್ಲಿಷ್. 2012ರದ್ದು, ಗೌರಿ ಶಿಂದೆ ನಿರ್ದೇಶನ, ಶ್ರೀದೇವಿ ಇರುವುದು. ಹೆಚ್ಚಿನವರು ನೋಡಿರುತ್ತೀರಿ, ಕಥೆ ಹೇಳುವುದಿಲ್ಲ. ನ್ಯೂಯಾರ್ಕಿನ ಕೆಫೆಯಲ್ಲಿ ಶ್ರೀದೇವಿಗೆ ಕಾಫಿ ಕೇಳಲು ಬಾರದೆ, ಕೌಂಟರಿನವಳು ಗದರಿ, ಅಳುತ್ತಾ ಹೊರಗೆ ಓಡುವ ದೃಶ್ಯ ಇದೆಯಲ್ಲ. ನಾವೆಲ್ಲ ಅಯ್ಯೋ ಪಾಪ ಅಂದೆವು. ಅವ್ವ ಮಾತಾಡಲಿಲ್ಲ. ಸಿನಿಮಾ ಮುಗಿದ ಮೇಲೆ ಬೆಲ್ಲದ ಕಾಫಿ ಕುಡಿಯುತ್ತಾ ಮೆಲ್ಲಗೆ ಹೇಳಿದರು. ಮಗ ಹುಟ್ಟಿದಾಗ ಬಾಣಂತನಕ್ಕೆ ರೆಡಿಂಗ್‌ಗೆ ಬಂದಿದ್ದರಲ್ಲ, ಒಂದು ದಿನ ಒಬ್ಬರೇ ಪೇಟೆಗೆ ಹೋಗಿ ಕಾಫಿ ಕುಡಿಯೋಣ ಅಂತ ಅಂಗಡಿಗೆ ಹೊಕ್ಕಿದ್ದರಂತೆ. "ಎಂತ ಕಾಫಿ ಬೇಕು ಅಂತ ಕೇಳಿದಳು. ಏಳೆಂಟು ಹೆಸರು ಹೇಳಿದಳು. ಕಾಫಿ ಅಂದರೆ ಕಾಫಿ ಅಲ್ವಾ? ಸುಮ್ನೆ ಹೊರಗೆ ಬಂದೆ."

ಮದುವೆಯಾಗಿ ಬಂದಲ್ಲಿಂದ ಕಾಫಿ ಗಿಡದ ನಡುವೆ ಬದುಕಿದವರು. ಹೂ ಮಳೆ ಯಾವಾಗ ಬರಬೇಕು, ಹಣ್ಣು ಯಾವಾಗ ಕೊಯ್ಯಬೇಕು ಅಂತ ಬೆರಳ ತುದಿಯಲ್ಲಿ ಹೇಳುವವರು. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯವರು. ಅವರಿಗೆ ಒಂದು ಲೋಟ ಕಾಫಿ ಕೇಳಲು ಆಗಲಿಲ್ಲ. ಒಂಬತ್ತು ವರ್ಷ ನನಗೆ ಹೇಳಿರಲೂ ಇಲ್ಲ.

ಇಲ್ಲೊಂದು ಮಾತು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಲೇಬೇಡಿ ಅಂತ ಗುಂಪಿನಲ್ಲಿ ಆಗಾಗ ಬರೆಯುತ್ತೀರಿ. ಒಳ್ಳೆಯದೇ. ಆದರೆ ನಮ್ಮ ಮನೆಮಾತು ಕೊಡವ ತಕ್ಕ್. ಕನ್ನಡ ನಾನು ಕಲಿತದ್ದು ಶಾಲೆಯಲ್ಲಿ, ಪ್ರೀತಿಯಿಂದಲೇ ಕಲಿತೆ. ಈಗ ನನ್ನ ಮಕ್ಕಳು ಮನೆಯಲ್ಲಿ ಕೊಡವ, ಭಾನುವಾರ ಕನ್ನಡ ಕ್ಲಾಸ್, ಉಳಿದ ಹೊತ್ತು ಇಂಗ್ಲಿಷ್. ಕೊಡವದಲ್ಲಿ ಅಮ್ಮನಿಗೆ ಅವ್ವ, ಅಜ್ಜಿಗೆ ತಾಯಿ. ಮಗಳು ಒಮ್ಮೆ ಕನ್ನಡ ಕ್ಲಾಸಿನಲ್ಲಿ "ನನ್ನ ತಾಯಿಗೆ ಎಪ್ಪತ್ತು ವರ್ಷ" ಅಂತ ಬರೆದು ಟೀಚರನ್ನು ಗಾಬರಿ ಮಾಡಿದ್ದಳು. (ಈ ಇಬ್ಬರೂ ನನ್ನನ್ನು ಅಮ್ಮಾ ಅನ್ನುವುದು ಕನ್ನಡ ಸೀರಿಯಲ್‌ಗಳ ಪುಣ್ಯ.) 2011ರ ಜನಗಣತಿಯಲ್ಲಿ ಕೊಡವ ಮಾತೃಭಾಷೆ ಅಂತ ಬರೆಸಿದವರು ಒಂದು ಲಕ್ಷ ಹದಿಮೂರು ಸಾವಿರ ಚಿಲ್ಲರೆ. ಯುನೆಸ್ಕೊದ ಅಳಿವಿನ ಅಪಾಯದ ಪಟ್ಟಿಯಲ್ಲೂ ಇದೆ. ಇನ್ನೂ ತಮಾಷೆ ಅಂದರೆ, ಮೊನ್ನೆ ಮಡಿಕೇರಿಯಲ್ಲಿ ನನ್ನ ಮಗಳು ತನ್ನ ಕಸಿನ್‌ಗೆ ತಡವರಿಸುತ್ತಾ ಕೊಡವದಲ್ಲಿ ಏನೋ ಕೇಳಿದಳು. ಅವನು ಚಂದದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅವನು ಹುಟ್ಟಿದ್ದೂ ಬೆಳೆದದ್ದೂ ಮಡಿಕೇರಿಯಲ್ಲೇ. ಹೊರದೇಶಕ್ಕೆ ಹೋದದ್ದಕ್ಕೇ ಭಾಷೆ ಹೋಯಿತು ಅಂತ ನಾವು ಎದೆ ಬಡಿದುಕೊಳ್ಳುವುದು ಸ್ವಲ್ಪ ಜಾಸ್ತಿಯೇ ಆಯಿತೇನೋ.

ಕನ್ನಡ ಸಿನಿಮಾ ಒಂದೂ ಇಲ್ವಾ ಅಂತ ಕೇಳುತ್ತೀರಿ. ನಾಗತಿಹಳ್ಳಿ ಚಂದ್ರಶೇಖರ್ ಅವರ ಅಮೆರಿಕ ಅಮೆರಿಕ ಇದ್ದೇ ಇದೆ. ಅದರಲ್ಲಿ ಗೋಪಾಲಕೃಷ್ಣ ಅಡಿಗರ ಕವಿತೆ ಹಾಡಾಗಿ ಬರುತ್ತದೆ, ರಾಗ ಹಾಕಿದ ಮನೋಮೂರ್ತಿಯವರೂ ಅಮೆರಿಕದಲ್ಲಿ ನೆಲೆಸಿದವರೇ. ಆ ಹಾಡು ಕೇಳಿದರೆ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ. ಆದರೆ ಅದು ಹೋದವರ ಮತ್ತು ಉಳಿದವರ ಕಥೆ. ಅಲ್ಲಿ ಹುಟ್ಟಿ ಬೆಳೆದವರ ಕಥೆಯಲ್ಲ. ಅಂಥ ಕನ್ನಡ ಸಿನಿಮಾ ನಿಮಗೆ ಗೊತ್ತಿದ್ದರೆ ಕೆಳಗೆ ಬರೆಯಿರಿ.

ಮಳೆ ಸ್ವಲ್ಪ ಹೊಳವಾದ ದಿನ ಕುಶಾಲನಗರ ದಾಟಿ ಬೈಲಕುಪ್ಪೆಗೆ ಹೋಗಿದ್ದೆವು. ಟಿಬೆಟಿನವರ ಆ ನೆಲೆ ಶುರುವಾದದ್ದು 1961ರಲ್ಲಿ. ಸ್ವೆಟರ್ ಅಂಗಡಿಯ ಹುಡುಗಿ ನನ್ನ ಜೊತೆ ಚೌಕಾಸಿ ಮಾಡಿದ್ದು ಅಚ್ಚ ಕನ್ನಡದಲ್ಲಿ, ನನಗಿಂತ ಚೆನ್ನಾಗಿ. ಅವಳ ಅಜ್ಜಿ ಒಳಗೆ ಮಣಿ ಎಣಿಸುತ್ತಾ ಕೂತಿದ್ದರು. ಕಾರು ಹತ್ತಿದ ಮೇಲೆ ನಾನು ಮಗಳಿಗೆ, ಅವಳೂ ನಿನ್ನ ಹಾಗೆ ಅಲ್ವಾ ಅಂದೆ. ಬಹಳ ಜಾಣ ಮಾತು ಆಡಿದೆ ಅಂದುಕೊಂಡಿದ್ದೆ. ಮಗಳು ಹೇಳಿದಳು, "ಇಲ್ಲಮ್ಮ. ಅವಳ ಅಜ್ಜಿ ರಜೆಗೆ ಅಂತ ಊರಿಗೆ ಹೋಗುವ ಹಾಗಿಲ್ಲ."

ಆ ರಾತ್ರಿ ಮಗ ಮಲಗಿದ ಮೇಲೆ ನಾವಿಬ್ಬರೇ ಮಿಸಿಸಿಪ್ಪಿ ಮಸಾಲ ನೋಡಿದ್ದು ಅದೇ ಗುಂಗಿನಲ್ಲಿ. ಮೀರಾ ನಾಯರ್, 1991. ಚಿಕ್ಕ ಮಕ್ಕಳಿಗೆ ಬೇಡ, ಹದಿಹರೆಯದವರ ಜೊತೆ ನೋಡುವಾಗಲೂ ಒಂದೆರಡು ಕಡೆ ಚಾವಣಿ ನೋಡಬೇಕಾಗುತ್ತದೆ. 1972ರಲ್ಲಿ ಇದಿ ಅಮೀನ್ ಉಗಾಂಡದಲ್ಲಿದ್ದ ಏಷ್ಯಾದವರಿಗೆ 90 ದಿನ ಗಡುವು ಕೊಟ್ಟು ಓಡಿಸಿದ. ಹಾಗೆ ಓಡಿಸಿಕೊಂಡ ಭಾರತೀಯ ಮನೆಯೊಂದು ಇಂಗ್ಲೆಂಡ್ ದಾಟಿ ಅಮೆರಿಕದ ಮಿಸಿಸಿಪ್ಪಿಗೆ ಬಂದು, ನೆಂಟರ ಮೋಟೆಲಿನಲ್ಲಿ ಬದುಕುತ್ತದೆ. ಮಗಳು ಮೀನಾ ಕಪ್ಪು ಹುಡುಗನನ್ನು ಪ್ರೀತಿಸುತ್ತಾಳೆ. ಆ ಹುಡುಗ ಡೆನ್ಜೆಲ್ ವಾಷಿಂಗ್ಟನ್. ಬಿಳಿಯರು ನಮ್ಮನ್ನು ಹೇಗೆ ನೋಡುತ್ತಾರೆ ಅಂತ ಅಳುವ ನಾವು, ಕಪ್ಪು ಜನರನ್ನು ಹೇಗೆ ನೋಡುತ್ತೇವೆ ಅಂತ ಆ ಸಿನಿಮಾ ಮುಖಕ್ಕೆ ಹಿಡಿಯುತ್ತದೆ. ನನ್ನ ವಾರ್ಡಿನಲ್ಲಿ ಅರ್ಧ ಜನ ಆಫ್ರಿಕಾ ಮೂಲದವರು. ನಾನು ದಿನಾ ಅವರ ಡಬ್ಬಿಯಿಂದ ತಿನ್ನುತ್ತೇನೆ. ಆದರೂ ಮಗಳು ಅಂಥ ಹುಡುಗನನ್ನು ಕರೆದುಕೊಂಡು ಬಂದರೆ ಅಂತ ಯೋಚಿಸಿದಾಗ ಎದೆ ಒಮ್ಮೆ ಧಸಕ್ ಅಂದಿತು. ಅಂದದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಬರೆಯುತ್ತಿದ್ದೇನೆ.

ಮೀನಾಳ ಅಪ್ಪ ಜೈ, ರೋಷನ್ ಸೇಠ್ ಮಾಡಿದ್ದು, ವರ್ಷಾನುಗಟ್ಟಲೆ ಕಂಪಾಲಾಕ್ಕೆ ಕಾಗದ ಬರೆಯುತ್ತಲೇ ಇರುತ್ತಾನೆ. ಹೋದ ಆಸ್ತಿ ವಾಪಸ್ ಬೇಕು. ಕೊನೆಗೆ ಅಲ್ಲಿಗೆ ಹೋಗಿ ನೋಡಿದರೆ ಮನೆ ಹಾಳುಬಿದ್ದಿದೆ. ಯಾರ ಮೇಲೆ ಸಿಟ್ಟು ಮಾಡಿಕೊಂಡು ಬಂದಿದ್ದನೋ ಆ ಗೆಳೆಯ ಯಾವತ್ತೋ ಸತ್ತುಹೋಗಿದ್ದಾನೆ. ನನಗೆ ನಮ್ಮ ಗುಂಪೇ ನೆನಪಾಯಿತು. ಸುಳ್ಳು ಯಾಕೆ, ಇಲ್ಲಿ ಮಕ್ಕಳ ಕನ್ನಡಕ್ಕಿಂತ ಜಾಸ್ತಿ ಚರ್ಚೆ ಆಗುವುದು ಪಹಣಿ, ಪಾಲು, ಪವರ್ ಆಫ್ ಅಟಾರ್ನಿ ಬಗ್ಗೆ.

ಕೊನೆಗೆ ಉಳಿದದ್ದು ದಿ ನೇಮ್‌ಸೇಕ್. ಇದೂ ಮೀರಾ ನಾಯರ್ ಅವರದೇ, 2006. ಝುಂಪಾ ಲಾಹಿರಿ ಅವರ ಕಾದಂಬರಿಯಿಂದ ಮಾಡಿದ್ದು. ಬಂಗಾಳಿ ದಂಪತಿ ಅಶೋಕ್ ಮತ್ತು ಆಶಿಮಾ, ಇರ್ಫಾನ್ ಖಾನ್ ಮತ್ತು ತಬು. ಅಮೆರಿಕಕ್ಕೆ ಬಂದ ಹೊಸತರಲ್ಲಿ ಆಶಿಮಾ ಅಲ್ಲಿಯ ಅಕ್ಕಿ ಮಂಡಕ್ಕಿಗೆ ಕಡಲೆಕಾಯಿ, ಮೆಣಸಿನಪುಡಿ ಬೆರೆಸಿ ತಿನ್ನುತ್ತಾಳೆ. ನಾನೂ ಮೊದಲ ಚಳಿಗಾಲದಲ್ಲಿ ಅದನ್ನೇ ಮಾಡಿದ್ದೆ. ಮಗು ಹುಟ್ಟಿದಾಗ ಆಸ್ಪತ್ರೆಯವರು ಹೆಸರು ಕೊಡದೆ ಮನೆಗೆ ಕಳಿಸುವುದಿಲ್ಲ. ಸದ್ಯಕ್ಕೆ ಅಂತ ಗೊಗೊಲ್ ಅಂತ ಬರೆಸುತ್ತಾರೆ, ರಷ್ಯನ್ ಲೇಖಕನ ಹೆಸರು. ಅದೇ ಅಂಟಿಕೊಳ್ಳುತ್ತದೆ. ದೊಡ್ಡವನಾದ ಮೇಲೆ ಹುಡುಗ ಅದನ್ನು ಕಿತ್ತೆಸೆದು ನಿಖಿಲ್ ಆಗುತ್ತಾನೆ.

ಹೆಸರಿನ ಈ ಗೋಳು ನಮಗೆ ಹೊಸದಲ್ಲ. ನಮ್ಮಲ್ಲಿ ಮನೆ ಪೆದ, ಅಂದರೆ ಮನೆತನದ ಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಕೊನೆಗೆ ಅಪ್ಪನದು. ಮಗಳು ಶಾಲೆಗೆ ಸೇರಿದ ದಿನ ಅಲ್ಲಿಯ ಟೀಚರ್ ಮೊದಲ ಹೆಸರು ಅಂತ ಮನೆ ಪೆದ ಹಿಡಿದು ಕೂಗಿದರು. ಅಂದರೆ ಯಾವ ಕಾಲದಲ್ಲೋ ತೀರಿಹೋದ ಕಾರಣವನ, ಮನೆತನದ ಮೂಲಪುರುಷನ, ಹೆಸರಿನಿಂದ ನಾಲ್ಕು ವರ್ಷದ ಹುಡುಗಿಯನ್ನು ಕರೆದ ಹಾಗೆ. ಅವಳು ಕೈ ಎತ್ತಲಿಲ್ಲ. ಗೈರುಹಾಜರಿ ಹಾಕಿದರು. ಎರಡು ವಾರ ನಮಗೆ ಗೊತ್ತೇ ಆಗಲಿಲ್ಲ.

ಮಗಳು ಈ ಸಿನಿಮಾವನ್ನು ಬೇರೆಯವುಗಳ ಹಾಗೆ ನೋಡಲಿಲ್ಲ, ಮಾತಿಲ್ಲದೆ ನೋಡಿದಳು. ಅಶೋಕ್ ಹುಡುಗನಾಗಿದ್ದಾಗ ರೈಲು ಅಪಘಾತದಲ್ಲಿ ಸಿಕ್ಕಿಕೊಂಡಿರುತ್ತಾನೆ. ಆಗ ಅವನ ಕೈಯಲ್ಲಿದ್ದದ್ದು ಗೊಗೊಲ್‌ನ ಕಥೆ ಪುಸ್ತಕ. ಮಗನಿಗೆ ಆ ಹೆಸರು ಬಂದದ್ದೇ ಅಲ್ಲಿಂದ. ಅದನ್ನು ಅವನು ಮಗನಿಗೆ ಹೇಳುವುದು ಮಗ ಹೆಸರು ಬದಲಿಸಿಕೊಂಡ ಮೇಲೆ. ಅಲ್ಲಿಗೆ ಲ್ಯಾಪ್‌ಟಾಪ್ ಬ್ಯಾಟರಿ ಮುಗಿಯಿತು. ಕರೆಂಟ್ ಹೋಗಿ ಆಗಲೇ ಒಂದು ದಿನ ಆಗಿತ್ತು. ಚಿಮಣಿ ದೀಪ, ಹೊರಗೆ ಧೋ ಅಂತ ಮಳೆ.

ಮಗಳು ಕೇಳಿದಳು, "ನೀನು ಯಾಕೆ ಹೋದದ್ದು?"

ಕೆಲಸ ಸಿಕ್ಕಿತು, ಹೋದೆ, ಅಂದೆ. ನಾನು ಯಾವಾಗಲೂ ಹೇಳುವುದು ಅಷ್ಟೆ. ನನಗೆ ಗೊತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೆ.

ಅವ್ವ ಕತ್ತಲಲ್ಲೇ ಮಾತು ಶುರು ಮಾಡಿದರು. 2001, 2002ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿತ್ತು. ವಿಯೆಟ್ನಾಂ ಕಾಫಿ ಲೋಕದ ಮಾರುಕಟ್ಟೆಗೆಲ್ಲ ಸುರಿಯುತ್ತಿದ್ದ ಕಾಲ ಅದು. ಕೊಯ್ಲಿನ ಕೂಲಿ ಕೂಡ ಹುಟ್ಟುತ್ತಿರಲಿಲ್ಲ ಅಂತ ನನಗೂ ನೆನಪಿದೆ. ನೆನಪಿಲ್ಲದ್ದು ಏನಂದರೆ, ಏಜೆಂಟನಿಗೆ, ಟಿಕೆಟಿಗೆ, ಅಲ್ಲಿಯ ತರಬೇತಿಗೆ ದುಡ್ಡು ಎಲ್ಲಿಂದ ಬಂತು ಅನ್ನುವುದು. ಬ್ಯಾಂಕ್ ಸಾಲ ಅಂತ ಅಪ್ಪ ಹೇಳಿದ್ದರು. ಆ ವರ್ಷ ಕೆಳಗಿನ ತೋಟದಲ್ಲಿ ಕಾಫಿಗೆ ನೆರಳಾಗಿದ್ದ ದೊಡ್ಡ ಸಿಲ್ವರ್ ಮರಗಳನ್ನು ಕಡಿಸಿದ್ದರು. ರೋಗ ಬಂದಿದೆ, ಬಿಟ್ಟರೆ ಕಾಫಿ ಮೇಲೆ ಬೀಳುತ್ತವೆ ಅಂದಿದ್ದರು. ನಾನು ನಂಬಿದ್ದೆ.

"ಎಂತ ರೋಗವೂ ಇರಲಿಲ್ಲ," ಅಂದರು ಅವ್ವ. "ನಲವತ್ತು ಮರ. ನಿನ್ನ ಅಜ್ಜ ನೆಟ್ಟದ್ದು. ಅದರ ಮೇಲೆ ಒಳ್ಳೆ ಮೆಣಸಿನ ಬಳ್ಳಿ ಬೇರೆ ಇತ್ತು. ಬ್ಯಾಂಕಿನವರು ಇನ್ನೂ ಸಾಲ ಕೊಡಲು ಒಪ್ಪಲಿಲ್ಲ. ಅವಳಿಗೆ ಹೇಳಬೇಡ, ಹೇಳಿದರೆ ಹೋಗುವುದಿಲ್ಲ ಅಂದರು ನಿನ್ನ ಅಪ್ಪ."

ಅಪ್ಪ ಹೋಗಿ ಆರು ವರ್ಷ ಆಯಿತು. ನೆರಳು ತೆಗೆದ ಆ ತುಂಡಿನಲ್ಲಿ ಎರಡು ಮೂರು ವರ್ಷ ಕಾಫಿ ಒಣಗಿ ನಿಂತದ್ದನ್ನು ನಾನು ರಜೆಗೆ ಬಂದಾಗ ನೋಡಿದ್ದೆ. ಯಾಕೆ ಹೀಗಾಯಿತು ಅಂತ ಕೇಳಿಯೂ ಇದ್ದೆ. ಮಳೆ ಸರಿಯಿಲ್ಲ ಅಂದಿದ್ದರು.

ಮಗಳು ನನ್ನ ಕೈ ಹಿಡಿದುಕೊಂಡಳು. ಅವ್ವ, ದೀಪ ಆರಿಸಿ, ಎಣ್ಣೆ ಸುಮ್ನೆ ಉರಿಯುತ್ತಿದೆ ಅಂದರು.

ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಮಗಳಿಗೆ ಆ ಜಾಗ ನೋಡಲೇಬೇಕಂತೆ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ನಾಲ್ಕೂ ಜನ ಇಳಿದೆವು. ಅವ್ವ ಕೊಡೆ ಊರಿಕೊಂಡು ಮುಂದೆ. ಹಳೆ ಮರದ ಬುಡ ಒಂದೂ ಕಾಣಲಿಲ್ಲ, ಎಲ್ಲ ಮಣ್ಣಾಗಿದೆ. ಅಪ್ಪ ಆಮೇಲೆ ನೆಟ್ಟ ಸಿಲ್ವರ್ ಸಸಿಗಳು ಈಗ ತಲೆಯೆತ್ತಿ ನೋಡುವಷ್ಟು ಎತ್ತರ ಆಗಿವೆ, ಮೆಣಸಿನ ಬಳ್ಳಿ ಅರ್ಧದವರೆಗೆ ಹತ್ತಿದೆ. ಮಗ ಒಂದು ಮರ ತಬ್ಬಿ ನೋಡಿದ, ಕೈಗೆ ಕೈ ಸಿಗಲಿಲ್ಲ. ಮಗಳು ಎಣಿಸುತ್ತಾ ಹೋದಳು. ಮೂವತ್ತೇಳಕ್ಕೆ ನಿಂತಳು. ಮೂರು ಎಲ್ಲಿ ಅಂತ ಕೇಳಿದಳು.

"2018ರ ಮಳೆಗೆ ಬಿದ್ದವು," ಅಂದರು ಅವ್ವ. "ಬಾ, ಕಾಲು ನೋಡಿಕೋ. ಜಿಗಣೆ ಹತ್ತಿದೆ."

ನೇಮ್‌ಸೇಕ್ ಇನ್ನೂ ಅರ್ಧ ಬಾಕಿ ಇದೆ. ಕರೆಂಟ್ ಬಂದ ಮೇಲೆ ನೋಡಬೇಕು.